ಅಜ್ಜನ ಕಾಲಿನಿಂದ ಚೆಂಡು ಕಿತ್ತುಕೊಂಡ ಶುಕ್ರವಾರ

2024ರ ಏಪ್ರಿಲ್ ತಿಂಗಳ ಕೊನೆಯ ಶುಕ್ರವಾರ ಬೆಳಿಗ್ಗೆ, ಕುವೈತಿನ ಅಬ್ಬಾಸಿಯಾದಲ್ಲಿ ಲಾರಿಗಳು ನಿಲ್ಲುವ ಒಂದು ಖಾಲಿ ಜಾಗದಲ್ಲಿ, ಉಕ್ರೇನಿನ ಸಣ್ಣ ಊರೊಂದರ ಫುಟ್ಬಾಲ್ ಕ್ಲಬ್ಬಿನ ಆ ವರ್ಷದ ಆಟ ಶುರುವಾಯಿತು. ಚೆಂಡಿಗೆ ಮೊದಲು ಕಾಲು ಕೊಟ್ಟವರು ಎಂಬತ್ತು ದಾಟಿದ ಸ್ತೆಪಾನ್ ಎಂಬ ಹಿರಿಯರು. ಅವರ ಕಾಲಿನಿಂದ ಅದನ್ನು ಕಿತ್ತುಕೊಂಡವನು ಗದಗ ಜಿಲ್ಲೆಯ ವೀರೇಶ ಎಂಬ ಎ.ಸಿ. ಮೆಕ್ಯಾನಿಕ್. ನಾನು ಅಲ್ಲಿದ್ದೆ.

ನಾನು ಕಾರ್ಕಳದ ಕಡೆಯವನು. ಇಲ್ಲಿನ ಇಂಗ್ಲಿಷ್ ಪತ್ರಿಕೆಯೊಂದರ ಡೆಸ್ಕಿನಲ್ಲಿ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಹೆಂಡತಿ ಜೆಸ್ಸಿ ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಸ್ತೆಪಾನ್ ಅವರ ಹಿರಿಯ ಮಗಳು ಲಾರಿಸಾ ಅದೇ ಕ್ಲಿನಿಕ್ಕಿನಲ್ಲಿ ಫಿಸಿಯೊಥೆರಪಿಸ್ಟ್. ಯುದ್ಧದಲ್ಲಿ ಊರಿನ ಮನೆಯ ಛಾವಣಿ ಹಾರಿಹೋದ ಮೇಲೆ ಸ್ತೆಪಾನ್ ಪೋಲೆಂಡಿನಲ್ಲಿರುವ ಕಿರಿಯ ಮಗಳ ಮನೆಯಲ್ಲಿದ್ದರು. ಕುವೈತಿನಲ್ಲಿ ವಿಸಿಟ್ ವೀಸಾ ಮತ್ತೆ ಕೊಡತೊಡಗಿದಾಗ ಲಾರಿಸಾ ತಂದೆಯನ್ನು ಒಂದು ತಿಂಗಳ ಮಟ್ಟಿಗೆ ಕರೆಸಿಕೊಂಡಿದ್ದಳು. ಊರಿನ ಮತ್ತು ಕ್ಲಬ್ಬಿನ ಹೆಸರು ಬರೆಯಬಾರದೆಂದು ಅವಳು ಕೇಳಿಕೊಂಡಿರುವುದರಿಂದ ಇಲ್ಲಿ ಬರೆದಿಲ್ಲ.

ಅವರಿಬ್ಬರೂ ನಮ್ಮ ಮನೆಗೆ ಊಟಕ್ಕೆ ಬಂದದ್ದು ಈಸ್ಟರ್ ಕಳೆದ ಮೇಲಿನ ಒಂದು ಸಂಜೆ. ನಮ್ಮ ಈಸ್ಟರ್ ಮುಗಿದಿತ್ತು, ಆರ್ಥೊಡಾಕ್ಸ್ ಪಂಚಾಂಗದ ಅವರದು ಇನ್ನೂ ಬರಬೇಕಿತ್ತು. ಜೆಸ್ಸಿ ಇಡ್ಲಿಯಂಥ ಮೆತ್ತನೆಯ ಸನ್ನಾಸ್ ಮಾಡಿದ್ದಳು. ಸ್ತೆಪಾನ್ ಒಂದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ತಮ್ಮ ಭಾಷೆಯಲ್ಲಿ ಏನೋ ಅಂದರು. ಲಾರಿಸಾ ನಕ್ಕಳು.

"ನಮ್ಮ ಮೈದಾನ ಇಷ್ಟು ಮೆತ್ತಗೆ ಇದ್ದಿದ್ದರೆ ನನ್ನ ಮಂಡಿ ಇವತ್ತಿಗೂ ಸರಿಯಾಗಿರುತ್ತಿತ್ತು ಅಂತಿದ್ದಾರೆ."

ಕ್ಲಬ್ಬಿನ ಕಥೆ ಹೊರಬಂದದ್ದು ಹೀಗೆ. ಅವರು ಹೇಳುತ್ತಿದ್ದರು, ಮಗಳು ಇಂಗ್ಲಿಷಿಗೆ ತರುತ್ತಿದ್ದಳು. ಇದರ ಹಳೆಯ ಭಾಗಕ್ಕೆ ನನಗೆ ಸಿಕ್ಕ ಮೂಲ ಅವರೊಬ್ಬರೇ.

ಅವರ ಊರಿನಲ್ಲಿ ಒಂದು ಸಕ್ಕರೆ ಕಾರ್ಖಾನೆ ಇತ್ತು. ಅಲ್ಲಿ ಸಕ್ಕರೆ ತೆಗೆಯುವುದು ಕಬ್ಬಿನಿಂದಲ್ಲ, ಬೀಟ್‌ರೂಟ್ ಜಾತಿಯ ಬಿಳಿ ಗೆಡ್ಡೆಯಿಂದ. ಗೆಡ್ಡೆ ತೊಳೆಯುವ ಕೆಲಸಗಾರರು ಕಟ್ಟಿದ ತಂಡ ಅದು. ಅಂಗಿ ಕೊಳ್ಳುವ ಶಕ್ತಿ ಇಲ್ಲದೆ ಸಕ್ಕರೆ ಚೀಲ ಬಿಚ್ಚಿ ಹೊಲಿಸಿಕೊಂಡರು. ತಂಡದ ಬಣ್ಣ ಬಿಳಿಯಾದದ್ದು ಆ ಕಾರಣಕ್ಕೆ. ಪಾಳಿ ಬದಲಾಗುವಾಗ ಕಾರ್ಖಾನೆಯ ಸೈರನ್ ಕೂಗು ಹಾಕುತ್ತಿತ್ತು. ಆ ಕೂಗಿಗೇ ಮೊದಲರ್ಧ ಮುಗಿಯುತ್ತಿತ್ತು, ರೆಫರಿಯ ಗಡಿಯಾರ ಏನೇ ಹೇಳಲಿ. ಹೊರಗಿನಿಂದ ಬಂದ ತಂಡಗಳು ಇದಕ್ಕಾಗಿ ಜಗಳ ತೆಗೆಯುತ್ತಿದ್ದವು. ಹಿಂದಿನ ಮಹಾಯುದ್ಧದಲ್ಲಿ ಮೈದಾನ ಉತ್ತು ಆಲೂಗಡ್ಡೆ ಹಾಕಿದ್ದರು. ಸ್ತೆಪಾನ್ ಆಡತೊಡಗಿದ ಮೇಲೂ ಎಡಗಡೆಯ ಮೂಲೆಯಲ್ಲಿ ಸಾಲುಗಳ ಗುರುತು ಕಾಲಿಗೆ ಸಿಗುತ್ತಿತ್ತಂತೆ. ಅವರು ಎಡ ಬದಿಯ ಡಿಫೆಂಡರ್. ಒಮ್ಮೆ ಆ ಪ್ರಾಂತ್ಯದ ಕಪ್ಪಿನ ಫೈನಲ್ ಮುಟ್ಟಿದರು, ಗೆಲ್ಲಲಿಲ್ಲ. ಸೋವಿಯತ್ ದೇಶ ಒಡೆದ ಮೇಲೆ ಕಾರ್ಖಾನೆ ಮುಚ್ಚಿತು, ಯಂತ್ರಗಳನ್ನು ಗುಜರಿಗೆ ಹಾಕಿದರು. ಆಮೇಲೆ ಕೂಗು ಇಲ್ಲ, ಸಂಬಳ ಇಲ್ಲ, ಬಸ್ಸಿಲ್ಲ. ಆದರೂ ತಂಡ ಉಳಿಯಿತು. ಆಟಗಾರರು ತಮ್ಮ ಆಡುಗಳನ್ನು ಮೈದಾನಕ್ಕೆ ಬಿಟ್ಟು ಹುಲ್ಲು ಮೇಯಿಸುತ್ತಿದ್ದರು.

ಈ ಕ್ಲಬ್ಬಿಗೆ ಒಂದು ಪದ್ಧತಿ ಇದೆ. ಪ್ರತಿ ವರ್ಷ ಮೊದಲ ಪಂದ್ಯಕ್ಕೆ ಮುಂಚೆ, ಬದುಕಿರುವ ಆಟಗಾರರಲ್ಲಿ ಎಲ್ಲರಿಗಿಂತ ಹಿರಿಯನಾದವನು ಚೆಂಡಿನೊಂದಿಗೆ ಮೈದಾನದ ನಡುವೆ ನಿಲ್ಲುತ್ತಾನೆ. ತಂಡದ ಎಲ್ಲರಿಗಿಂತ ಕಿರಿಯ ಆಟಗಾರ ಆ ಚೆಂಡನ್ನು ಅವನ ಕಾಲಿನಿಂದ ಕಿತ್ತುಕೊಳ್ಳಬೇಕು. ಕೊಟ್ಟರೆ ತೆಗೆದುಕೊಳ್ಳುವಂತಿಲ್ಲ, ಬಿಟ್ಟರೆ ಎತ್ತಿಕೊಳ್ಳುವಂತಿಲ್ಲ. ಹಿರಿಯ ತನ್ನ ಕೈಲಾದಷ್ಟು ಉಳಿಸಿಕೊಳ್ಳುತ್ತಾನೆ. ಕಿರಿಯ ಕಿತ್ತುಕೊಂಡರೆ ಆ ವರ್ಷದ ಆಟ ಶುರು, ಇಲ್ಲದಿದ್ದರೆ ಇಲ್ಲ. ಆಲೂಗಡ್ಡೆ ಬೆಳೆದ ವರ್ಷವೂ ಸಾಲುಗಳ ನಡುವೆ ಇದು ನಡೆದಿತ್ತು ಎಂದು ಅವರಿಗೆ ಅವರ ಹಿರಿಯರು ಹೇಳಿದ್ದರು.

2022ರಲ್ಲಿ ನಡೆಯಲಿಲ್ಲ. ಮರುವರ್ಷವೂ ನಡೆಯಲಿಲ್ಲ. ಮೈದಾನದಲ್ಲಿ ಶೆಲ್ ಬಿದ್ದ ಗುಂಡಿಗಳಿದ್ದವು, ಆಟಗಾರರಲ್ಲಿ ಕೆಲವರು ಯುದ್ಧಕ್ಕೆ ಹೋಗಿದ್ದರು, ಉಳಿದವರು ನಾಲ್ಕಾರು ದೇಶಗಳಿಗೆ ಚದುರಿದ್ದರು. 2024ರಲ್ಲಿ ಊರಿನಲ್ಲಿ ಉಳಿದವರು ಹೇಗೋ ಒಂದು ತಂಡ ಕೂಡಿಸಿ, ಪಕ್ಕದ ಹಳ್ಳಿಯ ಮೈದಾನದಲ್ಲಿ ಆಡಲು ಒಪ್ಪಿಗೆ ಪಡೆದಿದ್ದರು. ಮೊದಲ ಪಂದ್ಯ ಒಂದು ಶನಿವಾರ. ಬದುಕಿರುವವರಲ್ಲಿ ಎಲ್ಲರಿಗಿಂತ ಹಿರಿಯರು ನಮ್ಮ ಮನೆಯಲ್ಲಿ ಸನ್ನಾಸ್ ತಿನ್ನುತ್ತಿದ್ದರು.

"ಅಪ್ಪನ ಹೃದಯ ಸರಿ ಇಲ್ಲ," ಎಂದು ಲಾರಿಸಾ ಅಡುಗೆ ಕೋಣೆಯಲ್ಲಿ ಜೆಸ್ಸಿಗೆ ಹೇಳಿದಳು. "ಮುಂದಿನ ವರ್ಷದ ಮಾತು ಯಾರೂ ಆಡುತ್ತಿಲ್ಲ."

ಮರುದಿನ ನಾನು ಶಿವಾನಂದ ಅವರಿಗೆ ಫೋನ್ ಮಾಡಿದೆ. ಅವರು ಮುಧೋಳದ ಕಡೆಯವರು, ವೆಲ್ಡಿಂಗ್ ಫೋರ್‌ಮನ್. ಅಬ್ಬಾಸಿಯಾದ ಬ್ಯಾಚುಲರ್ ಹುಡುಗರ ಶುಕ್ರವಾರದ ಫುಟ್ಬಾಲ್ ತಂಡ ಅವರ ಕೈಯಲ್ಲಿದೆ. ಗೋಲು ಕಂಬಗಳನ್ನು ಪೈಪಿನಿಂದ ಬೆಸೆದವರೂ ಅವರೇ. ನಾನು ಹೇಳಿದ್ದನ್ನೆಲ್ಲ ಅವರು ಕೊನೆಯವರೆಗೂ ಕೇಳಿದರು.

"ಸಕ್ಕರಿ ಫ್ಯಾಕ್ಟರಿ ಟೀಮೇನ್ರಿ?" ಎಂದರು. "ನಾನೂ ಸಕ್ಕರಿ ಫ್ಯಾಕ್ಟರಿ ಭೋಂಗಾದ ಕೂಗ ಕೇಳ್ಕೋತ ಬೆಳದಾಂವ. ಕರಕೊಂಡ ಬರ್ರಿ ಅಜ್ಜಾರ್ನ."

ಶಿವಾನಂದರ ತಂಡದ ಎಲ್ಲರಿಗಿಂತ ಕಿರಿಯ ವೀರೇಶ. ಊರಿನ ಕಿರಿಯನ ಬದಲು ಅವನು ಚೆಂಡು ಕಿತ್ತುಕೊಂಡರೂ ನಡೆಯುತ್ತದೆ ಎಂದು ಕ್ಲಬ್ಬಿನವರು ಲಾರಿಸಾಳಿಗೆ ಫೋನಿನಲ್ಲಿ ಒಪ್ಪಿಗೆ ಕೊಟ್ಟಿದ್ದರು. ಕುವೈತಿಗೆ ಬಂದು ವರ್ಷವೂ ತುಂಬಿರಲಿಲ್ಲ. ಅವನಿಗೆ ಬಿಳಿ ಅಂಗಿ ಬೇಕಾಗಿತ್ತು. ನಮ್ಮ ಹುಡುಗರ ಜೆರ್ಸಿ ಹಳದಿ ಮತ್ತು ಕೆಂಪು. ಜೆಸ್ಸಿ ಬಾಸ್ಮತಿ ಅಕ್ಕಿಯ ಬಟ್ಟೆ ಚೀಲ ಒಂದನ್ನು ಒಗೆದು, ಕತ್ತರಿಸಿ, ಮಷಿನ್ನಿನಲ್ಲಿ ಹೊಲಿದಳು. ಅಕ್ಷರಗಳು ಎಷ್ಟು ತಿಕ್ಕಿದರೂ ಪೂರ್ತಿ ಹೋಗಲಿಲ್ಲ.

ಶುಕ್ರವಾರ ಆರು ಗಂಟೆಗೆಲ್ಲ ಮೈದಾನ ಸೇರಿದೆವು. ಹಿಂದಿನ ದಿನ ಧೂಳು ಬೀಸಿದ್ದರಿಂದ ಆಕಾಶ ಇನ್ನೂ ಚಹಾದ ಬಣ್ಣದಲ್ಲಿತ್ತು. ಹುಡುಗರು ಕಲ್ಲು ಆರಿಸಿ, ನೀರು ಚಿಮುಕಿಸಿದ್ದರು. ಬೇಸಿಗೆಯಲ್ಲಿ ಉಕ್ರೇನಿನ ಗಡಿಯಾರವೂ ಕುವೈತಿನದೂ ಒಂದೇ ಹೊತ್ತು ತೋರಿಸುತ್ತವೆ. ಜೆಸ್ಸಿ ಹಿಡಿದಿದ್ದ ಲಾರಿಸಾಳ ಫೋನಿನಲ್ಲಿ ವಿಡಿಯೊ ಕರೆಯ ಒಂದೊಂದೇ ಚೌಕ ತೆರೆದುಕೊಂಡಿತು. ಅಡುಗೆಮನೆಯಲ್ಲಿ ಕೂತವರು, ಬಸ್ಸಿನಲ್ಲಿ ಹೋಗುತ್ತಿದ್ದವರು, ಸೈನಿಕ ಸಮವಸ್ತ್ರದಲ್ಲಿದ್ದ ಒಬ್ಬ, ಪಕ್ಕದಲ್ಲಿ ಮಗು ಮಲಗಿಸಿಕೊಂಡ ಇನ್ನೊಬ್ಬ. ಎಲ್ಲರೂ ಕ್ಲಬ್ಬಿನವರು.

ವೀರೇಶ ಚೀಲದ ಅಂಗಿ ತೊಟ್ಟು ಬಂದಾಗ ಗೋಲ್‌ಕೀಪರ್ ಮೆಲ್ವಿನ್, ಉಡುಪಿಯವನು, ಅವನ ಬೆನ್ನಿನ ಮೇಲಿದ್ದುದನ್ನು ಓದಿದ. "ನೆಟ್ ವೇಟ್ ಇಪ್ಪತ್ತು ಕೆ.ಜಿ. ಸುಳ್ಳು ಮಾರಾಯ, ನೀನು ಅಷ್ಟೂ ಇಲ್ಲ."

"ನೀ ಬಾಯಿ ಮುಚ್ಚಲೇ," ಎಂದ ವೀರೇಶ. ಅವನ ಮುಖದಲ್ಲಿ ನಗು ಇರಲಿಲ್ಲ.

ಸ್ತೆಪಾನ್ ಅಂಗಿಯ ತೋಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮಗಳ ಕೈ ಬಿಟ್ಟು, ತಾವೇ ನಡೆದು ನಡುಗೆರೆಗೆ ಹೋಗಿ, ಚೆಂಡಿನ ಮೇಲೆ ಎಡಗಾಲು ಇಟ್ಟರು. ನೋಡುನೋಡುತ್ತಿದ್ದಂತೆ ಅವರ ನಿಲುವು ಬದಲಾಯಿತು. ಮಂಡಿ ಬಾಗಿತು, ಭುಜ ಮುಂದೆ ಬಂತು.

ವೀರೇಶ ಎದುರಿಗೆ ಹೋದ. ಸ್ತೆಪಾನ್ ಚೆಂಡನ್ನು ಒಂದು ಹೆಜ್ಜೆ ಪಕ್ಕಕ್ಕೆಳೆದರು. ವೀರೇಶ ಜಾಗ ಬಿಟ್ಟು ನಿಂತು ಚಪ್ಪಾಳೆ ತಟ್ಟಿದ. ನಮ್ಮವರೆಲ್ಲ ಚಪ್ಪಾಳೆ ತಟ್ಟಿದರು. ಶಿವಾನಂದ ಸೀಟಿ ಹಾಕಿದರು. ಫೋನಿನಿಂದ ಮಾತ್ರ ಒಂದು ಸದ್ದೂ ಬರಲಿಲ್ಲ.

"ಆಗಲಿಲ್ಲ," ಎಂದಳು ಲಾರಿಸಾ. "ಕಿತ್ತುಕೊಳ್ಳಬೇಕು."

ಎರಡನೆಯ ಸಲ ವೀರೇಶ ಹತ್ತಿರ ಹೋದ, ಕಾಲು ಎತ್ತಿದ, ಮತ್ತೆ ಇಳಿಸಿದ. ಕೊನೆಗೆ ಬಗ್ಗಿ ಎರಡೂ ಕೈಯಿಂದ ಚೆಂಡು ಎತ್ತಿಕೊಂಡ, ಪ್ರಸಾದ ತೆಗೆದುಕೊಳ್ಳುವವನ ಹಾಗೆ. ಫೋನಿನೊಳಗೆ ಬಸ್ಸಿನಲ್ಲಿದ್ದವನೊಬ್ಬ ಜೋರಾಗಿ ನಕ್ಕ. ಸ್ತೆಪಾನ್ ನಗಲಿಲ್ಲ. ಕೈ ಚಾಚಿ ಚೆಂಡು ವಾಪಸು ಪಡೆದು ಕಾಲ ಬಳಿ ಇಟ್ಟುಕೊಂಡರು. ಅವರಿಗೆ ಆಗಲೇ ಏದುಸಿರು ಬರುತ್ತಿತ್ತು.

"ಏನಾತಲೇ?" ಎಂದು ಶಿವಾನಂದ ಗೆರೆಯಾಚೆಯಿಂದ ಕೇಳಿದರು.

"ಅಣ್ಣಾರ, ಅಜ್ಜಾರ ಕಾಲಿಗೆ ನನ್ನ ಕಾಲ ಹತ್ತತೈತ್ರಿ," ಎಂದ ವೀರೇಶ. "ಗೊತ್ತಿಲ್ದ ಹತ್ತಿದ್ರ ಬ್ಯಾರೆ. ಗೊತ್ತಿದ್ದೂ ಹೆಂಗ ಹಚ್ಚಲಿ? ನಮ್ಮವ್ವ ನೋಡಿದ್ರ ಮನಿ ಒಳಗ ಬಿಟ್ಕೊಳ್ಳೂದಿಲ್ಲ."

"ನಾನು ಹೋಗಲಾ?" ಎಂದ ಮೆಲ್ವಿನ್. "ನಂಗೆ ಅಂಥದ್ದೆಲ್ಲ ಎಂತ ಇಲ್ಲ."

"ನೀ ಅವನಿಗಿಂತ ಹತ್ತ ವರ್ಷ ದೊಡ್ಡಾಂವ. ಸುಮ್ನಿರು," ಎಂದರು ಶಿವಾನಂದ.

ಮೆಲ್ವಿನ್ ಹಾಗೆ ಹೇಳಿದನಾದರೂ ಅಲ್ಲಿದ್ದ ನಮ್ಮವರಲ್ಲಿ ಯಾರೂ ಆ ಕಾಲಿಗೆ ಕಾಲು ಒಡ್ಡುತ್ತಿರಲಿಲ್ಲ ಎಂದು ನನಗೆ ಅನಿಸಿತು. ಜನಜಂಗುಳಿಯಲ್ಲಿ ಹಿರಿಯರಿಗೆ ಕಾಲು ತಾಗಿದರೆ ಬೆರಳು ತಾಗಿಸಿ ಕಣ್ಣಿಗೆ ಒತ್ತಿಕೊಳ್ಳುವುದು ನಮಗೆ ಯೋಚಿಸಿ ಮಾಡುವ ಕೆಲಸವಲ್ಲ. ವಾರವಿಡೀ ಎಲ್ಲರೂ ಸೇರಿ ಕಲ್ಲು, ನೀರು, ಅಂಗಿ, ಸಿಗ್ನಲ್ ಎಲ್ಲವನ್ನೂ ವಿಚಾರಿಸಿದ್ದೆವು. ಇದೊಂದು ಯಾರ ತಲೆಗೂ ಬಂದಿರಲಿಲ್ಲ.

ನಾನು ಲಾರಿಸಾಳಿಗೆ ವಿವರಿಸಿದೆ. ಅವಳು ತಂದೆಯ ಹತ್ತಿರ ಹೋಗಿ, ಅವರ ತೋಳು ಹಿಡಿದು, ಹೇಳಿದಳು. ಕ್ಲಿನಿಕ್ಕಿನ ಅಭ್ಯಾಸದಿಂದ ಅವಳ ಇನ್ನೊಂದು ಕೈ ಅವರ ನಾಡಿಯ ಮೇಲಿತ್ತು. ಸಾಕು, ಮನೆಗೆ ಹೋಗೋಣ ಎಂದು ಅವಳು ಕೇಳಿಕೊಂಡಳು ಎಂದು ಆಮೇಲೆ ತಿಳಿಯಿತು. ಸ್ತೆಪಾನ್ ವೀರೇಶನ ಕಡೆ ನೋಡುತ್ತ ನಿಧಾನವಾಗಿ ಮಾತಾಡಿದರು. ಲಾರಿಸಾ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ.

"ನಾನು ಕಿರಿಯನಾಗಿದ್ದಾಗ ನನ್ನೆದುರು ನಿಂತವರು ಗೆಡ್ಡೆ ತೊಳೆಯುತ್ತಿದ್ದ ಮುದುಕ. ಕ್ಲಬ್ಬಿನ ಮೊಟ್ಟಮೊದಲ ತಂಡದಲ್ಲಿ ಆಡಿದವರು. ಚೆಂಡು ಕಿತ್ತುಕೊಂಡೆ, ಅವರು ಬಿದ್ದರು. ನಾನು ಅಳುತ್ತ ನಿಂತೆ. ಅವರು ನೆಲದ ಮೇಲೆ ಕೂತು ನನಗೆ ಬೈದರು. ಯಾಕೆ ಅಳುತ್ತೀಯ, ಯಾರೂ ಬಂದು ಕಿತ್ತುಕೊಳ್ಳದಿದ್ದರೆ ನಾನು ಇದನ್ನು ಕಾಲಲ್ಲಿಟ್ಟುಕೊಂಡು ಮನೆಗೆ ಹೋಗುವುದು ಹೇಗೆ ಅಂದರು."

ವೀರೇಶ ಕೇಳಿಸಿಕೊಂಡ. ಸ್ತೆಪಾನ್ ಇನ್ನೂ ಒಂದು ಮಾತು ಸೇರಿಸಿದರು, ಲಾರಿಸಾ ಅದನ್ನು ಹೇಳುವಾಗ ತಡವರಿಸಿದಳು.

"ಎರಡು ವರ್ಷದಿಂದ ಚೆಂಡು ನನ್ನ ಹತ್ತಿರವೇ ಇದೆ."

ವೀರೇಶ ತನ್ನ ಶೂ ಬಿಚ್ಚಿದ. ಸಾಕ್ಸ್ ಸಹ ಬಿಚ್ಚಿ, ಬರಿಗಾಲಿನಲ್ಲಿ ಆ ಒದ್ದೆ ಮಣ್ಣಿನ ಮೇಲೆ ನಿಂತ. "ಬರ್ರಿ ಅಜ್ಜಾರ," ಎಂದ.

ಈ ಸಲ ಸ್ತೆಪಾನ್ ಚೆಂಡನ್ನು ಬಲಕ್ಕೆ ತಳ್ಳುವವರಂತೆ ಭುಜ ಆಡಿಸಿ ಎಡಕ್ಕೆ ಎಳೆದರು. ವೀರೇಶ ಪೂರ್ತಿ ಮೋಸಹೋದ. ನಮ್ಮ ಹುಡುಗರು ಹೋ ಎಂದರು, ಈ ಸಲ ಮರ್ಯಾದೆಗಲ್ಲ. ವೀರೇಶ ತಿರುಗಿದ. ಸ್ತೆಪಾನ್ ಬೆನ್ನು ಅಡ್ಡ ಕೊಟ್ಟು, ಮೊಣಕೈ ಹೊರಚಾಚಿ ಚೆಂಡನ್ನು ಕಾದರು. ಫೋನಿನಲ್ಲಿ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ವೀರೇಶ ಎಡಗಡೆಯಿಂದ ಕಾಲು ಹಾಕಿದ. ಅವನ ಪಾದ ಅವರ ಕಣಕಾಲಿಗೆ ತಾಗಿದ್ದು ನನಗೆ ಕಂಡಿತು. ಚೆಂಡು ಬಿಡಿಸಿಕೊಂಡು ಉರುಳಿತು. ಸ್ತೆಪಾನ್ ಮುಗ್ಗರಿಸಿದರು, ವೀರೇಶ ಅವರ ಎರಡೂ ತೋಳು ಹಿಡಿದು ನಿಲ್ಲಿಸಿ, ಎರಡು ಹೆಜ್ಜೆ ಓಡಿ ಚೆಂಡಿನ ಮೇಲೆ ಕಾಲಿಟ್ಟ.

ಫೋನಿನಲ್ಲಿ ಯಾರೋ ಪಾತ್ರೆ ಬಡಿದರು. ಸಮವಸ್ತ್ರದಲ್ಲಿದ್ದವನು ಕಾರ್ಖಾನೆಯ ಕೂಗನ್ನು ಬಾಯಿಯಿಂದಲೇ ಕೂಗಿದ. ಮಲಗಿದ್ದ ಮಗು ಎದ್ದು ಅತ್ತಿತು.

ವೀರೇಶ ಚೆಂಡನ್ನು ಅಲ್ಲೇ ಬಿಟ್ಟು ವಾಪಸು ಬಂದ. ಬಗ್ಗಿ, ಸ್ತೆಪಾನ್ ಅವರ ಶೂ ಮುಟ್ಟಿ, ಬೆರಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. "ತಪ್ಪ ತಿಳ್ಕೋಬ್ಯಾಡ್ರಿ," ಎಂದ. ಅವರಿಗೆ ಮಾತು ಅರ್ಥವಾಗುವಂತಿರಲಿಲ್ಲ. ಅವರು ಅವನ ತಲೆಯ ಮೇಲೆ ಕೈ ಇಟ್ಟರು, ಅದನ್ನು ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅದೂ ಫೋನಿನಲ್ಲಿ ದಾಖಲಾಯಿತು. ಜೆಸ್ಸಿ ಕೈ ಅಲ್ಲಾಡಿಸದೆ ಹಿಡಿದಿದ್ದಳು.

ಆಮೇಲೆ ಶಿವಾನಂದ ತಂದಿದ್ದ ಚಹಾ ಕುಡಿದೆವು. ಸ್ತೆಪಾನ್ ಮಡಚುವ ಕುರ್ಚಿಯಲ್ಲಿ ಕೂತು ಹುಡುಗರ ಶುಕ್ರವಾರದ ಪಂದ್ಯ ಕೊನೆಯವರೆಗೆ ನೋಡಿದರು. ಮೆಲ್ವಿನ್ ಎರಡು ಗೋಲು ಬಿಟ್ಟಾಗ ಅವರು ಹೇಳಿದ್ದನ್ನು ಲಾರಿಸಾ ಅನುವಾದಿಸಲಿಲ್ಲ.

ಮರುದಿನ ಅವರ ಕ್ಲಬ್ಬು ಮೊದಲ ಪಂದ್ಯ ಸೋತಿತು. ಮುಂದಿನ ವಾರ ಸ್ತೆಪಾನ್ ಪೋಲೆಂಡಿಗೆ ಹೋದರು. ವೀರೇಶ ಚೀಲದ ಅಂಗಿಯನ್ನು ಅವರ ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟಿದ್ದ. ಆ ಚಳಿಗಾಲದಲ್ಲಿ ಅವರು ಅಲ್ಲೇ ನಿದ್ದೆಯಲ್ಲಿ ತೀರಿಕೊಂಡರು. ಸುದ್ದಿ ಬಂದ ದಿನ ವೀರೇಶ ಎಗೈಲಾದ ಮಾಲ್ ಒಂದರ ತಾರಸಿಯ ಮೇಲೆ ಎ.ಸಿ. ಕೆಲಸದಲ್ಲಿದ್ದ. ನಾನು ಫೋನಿನಲ್ಲಿ ಹೇಳಿದೆ. "ಆತ್ರಿ ಸರ," ಎಂದು ಇಟ್ಟ. ಸಂಜೆ ಅವನೇ ಫೋನ್ ಮಾಡಿ, ಈಗ ಚೆಂಡು ಯಾರ ಹತ್ತಿರ ಇದೆ ಎಂದು ಕೇಳಿದ.

2025ರ ವಸಂತದಲ್ಲಿ ಗುಂಡಿ ಮುಚ್ಚಿದ ತಮ್ಮದೇ ಮೈದಾನದಲ್ಲಿ ಆ ಕ್ಲಬ್ಬು ಆಡಿತು. ಲಾರಿಸಾ ನಮಗೆ ವಿಡಿಯೊ ತೋರಿಸಿದಳು. ನಡುಗೆರೆಯಲ್ಲಿ ನಿಂತಿದ್ದವರು ಒಬ್ಬ ಹಳೆಯ ಗೋಲ್‌ಕೀಪರ್. ಎದುರಿಗಿದ್ದ ಹುಡುಗ ಬರಿಗಾಲಿನಲ್ಲಿದ್ದ. ಅವನು ಚೆಂಡು ಕಿತ್ತುಕೊಂಡ, ಅದನ್ನು ಅಲ್ಲೇ ಬಿಟ್ಟ, ವಾಪಸು ಬಂದು ಬಗ್ಗಿ ಮುದುಕರ ಶೂ ಮುಟ್ಟಿ, ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡ. ಮುದುಕರು ಅವನ ತಲೆಯ ಮೇಲೆ ಕೈ ಇಟ್ಟರು. ಆಮೇಲೆ ಪಂದ್ಯ ಶುರುವಾಯಿತು.