ಅಪ್ಪ ತೆಗೆದ ಎರಡು ಡಯೋಡು

"ಉಸಿರು ಹಿಡೀರಿ, ಅಲುಗಾಡಬ್ಯಾಡ್ರಿ" ಎಂದು ದಿನವಿಡೀ ಮಂದಿಗೆ ಹೇಳುವುದು ನನ್ನ ಹೊಟ್ಟೆಪಾಡು. ನೆಹರು ನಗರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತೇನೆ. ಹೇಳುವ ನಾನು ಮಾತ್ರ ಒಂದು ಕಡೆ ನಿಂತವಳಲ್ಲ. ಕೂತರೆ ಕಾಲು ಅಲ್ಲಾಡುತ್ತದೆ, ನಿಂತರೆ ಬೆರಳು ಏನನ್ನಾದರೂ ಬಡಿಯುತ್ತಿರುತ್ತದೆ. ಒಲೆಯ ಮೇಲೆ ಹಾಲಿಟ್ಟು ಅದು ಉಕ್ಕುವ ತನಕ ನಿಲ್ಲಲಾರದೆ ಎಷ್ಟು ಪಾತ್ರೆ ಸುಟ್ಟಿದ್ದೇನೋ. ಇಂಥವಳು ಗಿಟಾರ್ ಕಲಿತದ್ದೇ ಹೆಚ್ಚು. ಅದರ ಮೇಲೆ ಗಿಟಾರಿನ ದನಿ ಬದಲಿಸುವ ಪೆಡಲನ್ನೂ ನಾನೇ ಕಟ್ಟುತ್ತೇನೆಂದು ಹೊರಟೆ.

ಹೊರಡದೆ ಗತಿಯಿರಲಿಲ್ಲ. ನಮ್ಮದು ಮೂವರ ಬ್ಯಾಂಡು. ಡ್ರಮ್ಸಿನವನು ನಮ್ಮ ಆಸ್ಪತ್ರೆಯಲ್ಲೇ ರಕ್ತ ಪರೀಕ್ಷೆ ಮಾಡುವವನು, ನನಗಿಂತ ಹತ್ತು ವರ್ಷ ಹಿರಿಯ. ಬೇಸ್ ಗಿಟಾರಿನವಳು ಅವನ ಹೆಂಡತಿ. ಹಿಂಡಲಗಾದಲ್ಲಿ ಜೈಲಿನ ಹತ್ತಿರವಿರುವ ಅವರ ಮನೆಯ ಮಾಳಿಗೆಯ ಮೇಲೆ ನಮ್ಮ ಅಭ್ಯಾಸ. ನಮ್ಮ ಗದ್ದಲ ಕೇಳಿ, ಜೈಲಿನವರಿಗೆ ಇದು ಮೇಲಿನ ಶಿಕ್ಷೆ ಎಂದು ಓಣಿಯವರು ನಗುತ್ತಿದ್ದರು. ಅಲ್ಲಿಯವರೆಗೆ ನಾನು ಬಳಸುತ್ತಿದ್ದ ಓವರ್‌ಡ್ರೈವ್ ಪೆಡಲ್ ಬೇರೆಯವರದು. ಅವರು ವಾಪಸು ಒಯ್ದರು. ಟಿಳಕವಾಡಿಯ ಒಂದು ಸಣ್ಣ ಹಾಲ್‌ನಲ್ಲಿ ನಮ್ಮ ಮೊದಲ ಕಾರ್ಯಕ್ರಮಕ್ಕೆ ಎರಡೇ ವಾರ ಉಳಿದಿತ್ತು.

"ನೋಡವಾ, ಖರೇ ಹೇಳ್ತೀನಿ," ಅಂದ ಡ್ರಮ್ಸಿನವನು. "ಪೆಡಲ್ ಇಲ್ದ ನಿನ್ನ ಗಿಟಾರ ಗುಡಿ ಗಂಟಿ ಹೊಡದಂಗ ಕೇಳಸ್ತೈತಿ. ಗೋವಾದಾಂವ ಒಬ್ಬ ಗಿಟಾರ ನುಡಸಾಕ ಬರ್ತೀನಿ ಅಂದಾನ. ಕಾರ್ಯಕ್ರಮದ ದಿನ, ಐತವಾರ ಮಧ್ಯಾಹ್ನದ ತನಾ ನಿನ್ನ ಸೌಂಡ್ ಸರಿ ಆಗ್ಲಿಲ್ಲಂದ್ರ ಅವನ್ನ ಕರಸ್ತೀನಿ."

ಆ ಬ್ಯಾಂಡ್ ಹೋದರೆ ನನಗೆ ಉಳಿಯುವುದು ಎಕ್ಸ್‌ರೇ ಕೋಣೆ, ಬಾಡಿಗೆ ಮನೆ, ಮದುವೆ ಯಾವಾಗ ಎಂದು ಕೇಳುವ ಫೋನುಗಳು. ಹೆದರಿದೆ. ಹೆದರಿದಾಗ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದಾಗ ಕೈ ಸುಮ್ಮನಿರುವುದಿಲ್ಲ. ಮೊಬೈಲಿನಲ್ಲಿ ಸರ್ಕ್ಯೂಟಿನ ಚಿತ್ರ ಹುಡುಕಿ, ಖಡೇಬಜಾರಕ್ಕೆ ಹೋಗಿ ಸಾಮಾನು ತಂದೆ.

ಅಂಥ ದೊಡ್ಡ ವಿದ್ಯೆಯೇನಲ್ಲ ಅದು. ಕಾಲಿನಿಂದ ಒತ್ತುವ ಒಂದು ಡಬ್ಬಿ, ಒಳಗೆ ಗಿಟಾರಿನ ದನಿಯನ್ನು ಹಿಗ್ಗಿಸುವ ಒಂದು ಚಿಪ್, ಹತ್ತಾರು ಬಿಡಿಭಾಗ, ಒಂಬತ್ತು ವೋಲ್ಟಿನ ಬ್ಯಾಟರಿ. ನಿಜವಾದ ಕೆಲಸ ಎರಡು ಡಯೋಡುಗಳದ್ದು. ಗೋಧಿಕಾಳಿಗಿಂತ ಸಣ್ಣ ಅವು, ಒಂದಕ್ಕೊಂದು ಉಲ್ಟಾ ದಿಕ್ಕಿಗೆ ಕೂರುತ್ತವೆ. ದನಿ ಜೋರಾಗಿ ಮೇಲೆದ್ದ ಕೂಡಲೇ ಅದರ ನೆತ್ತಿ ಕತ್ತರಿಸುತ್ತವೆ. ಆಗ ಗಿಟಾರು, ಕೂಗಿ ಕೂಗಿ ಗಂಟಲು ಕಟ್ಟಿದವರ ಹಾಗೆ ಒರಟಾಗಿ ಹಾಡುತ್ತದೆ. ಆ ಒರಟುತನವೇ ನನಗೆ ಬೇಕಾದದ್ದು.

ಕಾರ್ಯಕ್ರಮಕ್ಕೆ ಒಂದು ವಾರ ಉಳಿದಾಗ ಕಟ್ಟಲಿಕ್ಕೆ ಖಾನಾಪುರಕ್ಕೆ ಹೋದೆ, ಯಾಕೆಂದರೆ ಅಲ್ಲಿ ಅಪ್ಪನ ಮೈಕ್‌ಸೆಟ್ ಅಂಗಡಿಯಿದೆ. ಮಠದ ಪ್ರವಚನವಿರಲಿ, ಮರಾಠಿ ಭಜನಿ ಮಂಡಳಿಯಿರಲಿ, ಲಗ್ನವಿರಲಿ, ಸುತ್ತಿನ ಹಳ್ಳಿಗಳಿಗೆಲ್ಲ ಅಪ್ಪನದೇ ಮೈಕು, ಅಪ್ಪನದೇ ಭೋಂಗಾ ಸ್ಪೀಕರು. "ಮೈಕಿನ್ಯಾಗ ದನಿ ಒಡದ್ರ ಮಂದಿ ಸ್ವಾಮ್ಯಾರ್ನ ಬೈಯಂಗಿಲ್ಲ, ಮೈಕಿನಾಂವನ್ನ ಬೈತಾರ" ಎಂಬುದು ಅವನ ಮಾತು. ಒಡೆದ ದನಿಯನ್ನು ಸ್ವಚ್ಛ ಮಾಡುವುದೇ ನಲವತ್ತು ವರ್ಷದಿಂದ ಅವನ ಕಸುಬು.

ನಾನು ಬಿಡಿಭಾಗಗಳ ತಂತಿಕಾಲುಗಳಿಗೆ ಸೋಲ್ಡರ್ ಕರಗಿಸಿ ಹಚ್ಚತೊಡಗಿದೆ. ಅಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದ.

"ಮೊದ್ಲ ಅದರ ಕಾಲು ಕಾಯಲಿ. ಮೂರು ಎಣಸು. ಆಮ್ಯಾಲೆ ಸೋಲ್ಡರ್ ಮುಟ್ಟಸು."

ನಾನು ಒಂದರ ತನಕವೂ ಎಣಿಸಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಮಾಡಿದವರು ನನ್ನನ್ನು ಎಲ್ಲೋ ನೋಡಿರಬೇಕು. ಸಂಜೆಗೆ ಬ್ಯಾಟರಿ ಹಾಕಿದರೆ ಪೆಡಲ್ ಬರೀ ಕರಕರ ಎಂದಿತು, ನಡುವೆ ಸತ್ತೂ ಹೋಯಿತು.

ಅಪ್ಪ ಕನ್ನಡಕ ಮೇಲೇರಿಸಿ ನೋಡಿ ನಕ್ಕ. "ಎಲ್ಲಾ ಡ್ರೈ ಸೋಲ್ಡರ್, ಗಟ್ಟಿ ಹಿಡದೇ ಇಲ್ಲ. ನಿನ್ನಂಗ ಒಂದರೆ ನೆಟ್ಟಗ ಕುಂತಿಲ್ಲ. ಇಟ್ಟು ಹೋಗು, ನಾ ಮಾಡಿ ಕಳಸ್ತೀನಿ."

ಬಸ್ಸಿನ ಹೊತ್ತಾಗಿತ್ತು. ಇದು ಗಿಟಾರಿನ ಡಬ್ಬಿ ಎಂದಷ್ಟೇ ಹೇಳಿ ಓಡಿದೆ. ಇದು ದನಿಯನ್ನು ಒಡೆಯಲೆಂದೇ ಇರುವ ಯಂತ್ರ ಎಂದು ಹೇಳಲಿಲ್ಲ. ಹೇಳಲು ಅರ್ಧ ನಿಮಿಷ ಸಾಕಿತ್ತು.

ಆ ವಾರವೆಲ್ಲ ನನಗೆ ನಿದ್ದೆಯಿಲ್ಲ, ಊಟ ಸೇರಲಿಲ್ಲ. ದಿನಕ್ಕೆರಡು ಸಲ ಫೋನ್ ಮಾಡಿ ಆಯ್ತೇನು, ಆಯ್ತೇನು ಎಂದು ಅಪ್ಪನ ಜೀವ ತಿಂದೆ. ಆಗ್ತೈತಿ, ತಡಿಯವಾ ಎನ್ನುತ್ತಿದ್ದ. ಶನಿವಾರ ಸಂಜೆ ಖಾನಾಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ. ನಮ್ಮ ಕಡೆ ಮದ್ದು, ಮಾವಿನಕಾಯಿ, ಮರೆತ ಟಿಫಿನ್ ಡಬ್ಬಿ ಎಲ್ಲ ಹಾಗೇ ಬರುತ್ತವೆ. ಡಬ್ಬಿ ತೆರೆದು ನೋಡಿದೆ. ಒಂದೊಂದು ಸೋಲ್ಡರೂ ಬೆಳ್ಳಿಯ ಮಣಿಯಂತೆ ಹೊಳೆಯುತ್ತಿತ್ತು. ಖುಷಿಯಲ್ಲಿ ಬಿಡಿಭಾಗಗಳನ್ನು ಒಂದೊಂದಾಗಿ ಎಣಿಸಿ ನೋಡಬೇಕೆಂದು ಹೊಳೆಯಲೇ ಇಲ್ಲ.

ಭಾನುವಾರ ಮಧ್ಯಾಹ್ನ ಹಾಲ್‌ನಲ್ಲಿ ವೈರು ಸಿಕ್ಕಿಸಿ ಪೆಡಲ್ ಒತ್ತಿದೆ. ಗಿಟಾರು ನಿಚ್ಚಳವಾಗಿ, ಸ್ವಚ್ಛವಾಗಿ ನುಡಿಯಿತು. ಗುಡಿಯ ಗಂಟೆಯೇ, ಸ್ವಲ್ಪ ದೊಡ್ಡ ಗಂಟೆ. ಡ್ರಮ್ಸಿನವನು ಮೊಬೈಲ್ ತೆಗೆದುಕೊಂಡು ಹೊರಗೆ ನಡೆದ. ನಾನೂ ಅಪ್ಪನಿಗೆ ಫೋನ್ ಹಚ್ಚಿದೆ.

"ಮೈಕ್ ಹಚ್ಚಿ ನೋಡ್ದೆವಾ," ಅಂದ ಅಪ್ಪ. "ಹಲೋ ಹಲೋ ಅಂದ್ರ ದನಿ ಒಡೀತಿತ್ತು. ಎರಡು ಡಯೋಡ್ ಅಡ್ಡ ಕುಂತಿದ್ವು, ತಗದೆ. ದನಿ ಹಿಗ್ಗಸೂ ಗೇನ್ ಇಳಸ್ದೆ. ಈಗ ಸ್ವಚ್ಛ ಬರಬೇಕಲ್ಲ? ಬರ್ತೈತಿಲ್ಲೋ?"

"ಯಾರು ತಗಿ ಅಂದ್ರು ನಿನಗ? ಅದು ಒಡದ ಬರಬೇಕಿತ್ತು! ನಿನ್ನ ಕಿವಿ ಕೆಟ್ಟಾವಂತ ಎಲ್ಲಾರ ಸೌಂಡ್ ಕೆಡಸ್ತಿ ಏನು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪನ ಕಿವಿ ಎರಡು ವರ್ಷದಿಂದ ಸರಿಯಿಲ್ಲವೆಂದು ಅವ್ವನಿಗೂ ಗೊತ್ತು, ನನಗೂ ಗೊತ್ತು. ಟಿವಿಯ ದನಿ ಸರಿಯಿಲ್ಲವೆಂದು ಎರಡು ಸಲ ಬಿಚ್ಚಿ ಕೂತಿದ್ದ. ಆದರೆ ಮೈಕಿನವನಿಗೆ ಕಿವಿ ಹೋಗಿದೆ ಎಂದು ಹೇಳುವ ಬಾಯಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಾನು ಹೇಳಿಬಿಟ್ಟಿದ್ದೆ, ಅದೂ ಫೋನಿನಲ್ಲಿ, ಕಿರುಚಿ.

"ಹಾಲ್ ಎಲ್ಲೈತಿ?" ಎಂದು ಕೇಳಿ ಅಪ್ಪ ಫೋನಿಟ್ಟ.

ಮೂರು ಗಂಟೆಗೆ ಕೈಚೀಲ ಹಿಡಿದು ಬಂದ. ನನ್ನ ಮುಖ ನೋಡಲಿಲ್ಲ. ಗೋಡೆಯ ಪ್ಲಗ್ಗಿನ ಬಳಿ ನೆಲಕ್ಕೆ ಕೂತು, ಚೀಲದಿಂದ ಸೋಲ್ಡರಿಂಗ್ ಐರನ್ ತೆಗೆದ. ಕಾಗದದಲ್ಲಿ ಸುತ್ತಿಟ್ಟಿದ್ದ ಎರಡು ಡಯೋಡುಗಳನ್ನು ತೆಗೆದ. ಡ್ರಮ್ಸಿನವನು ಗಡಿಯಾರ ನೋಡುತ್ತ ಅತ್ತಿಂದಿತ್ತ ಅಡ್ಡಾಡುತ್ತಿದ್ದ. ಗೋವಾದವನು ಧಾರವಾಡದಲ್ಲೇ ಇದ್ದಾನಂತೆ, ಕರೆದರೆ ಐದರ ಕಾರ್ಯಕ್ರಮದೊಳಗೆ ಬರುತ್ತಾನಂತೆ. ನಾನು ಮೊಬೈಲಿನ ಬೆಳಕು ಹಿಡಿದು ನಿಂತೆ. ಅಪ್ಪ ಮೂರು ಎಣಿಸಿ ಎರಡನ್ನೂ ಮೊದಲಿದ್ದಲ್ಲೇ ಕೂರಿಸಿದ, ಇಳಿಸಿದ್ದ ಗೇನ್ ಏರಿಸಿದ.

"ಹಚ್ಚು ಈಗ," ಅಂದ.

ಪೆಡಲ್ ಒತ್ತಿ ಒಂದು ತಂತಿ ಮೀಟಿದೆ. ಹಾಲ್‌ನ ಕಿಟಕಿ ಗಾಜು ಜುಮ್ಮೆಂದಿತು. ಡ್ರಮ್ಸಿನವನು ಅಡ್ಡಾಡುವುದು ಬಿಟ್ಟು ನಕ್ಕ. "ಗೋವಾದಾಂವ ಗೋವಾಕ್ಕ ಹೋಗ್ಲಿ" ಎಂದು ತನ್ನ ಡ್ರಮ್ಸಿನ ಕಡೆ ಹೋದ. ನನ್ನ ಜಾಗ ಉಳಿಯಿತು.

ಅಪ್ಪ ಮಾತ್ರ ಸ್ಪೀಕರಿಗೆ ಅಂಗೈ ಒತ್ತಿ ಕೂತೇ ಇದ್ದ. ಪೆಡಲ್ ಬಿಟ್ಟು ನುಡಿಸು ಅಂದ, ಒತ್ತಿ ನುಡಿಸು ಅಂದ. ನಾಲ್ಕು ಸಲ ಮಾಡಿಸಿದ.

"ನಿನಗ ಎರಡೂ ಬ್ಯಾರೆ ಬ್ಯಾರೆ ಕೇಳಸ್ತಾವೇನು?"

"ಹೌದಪ್ಪಾ. ಬಾಳ ಬ್ಯಾರೆ."

"ನನಗ ಎರಡೂ ಒಂದ ಆಗ್ಯಾವು. ಡಯೋಡ್ ತಗದ ಮ್ಯಾಲೂ ಒಡೀತಿತ್ತು. ಎರಡು ದಿನ ಅದರ ಮುಂದ ಕುಂತೆ. ಏನು ತಪ್ಪೈತಿ ಗೊತ್ತಾಗ್ಲಿಲ್ಲ. ನಾನ ತಂದು ಕೊಡಬೇಕಂತಿದ್ದೆ. ನಾಚಿಕಿ ಬಂತು, ಕಂಡಕ್ಟರ್ ಕೈಯಾಗ ಕೊಟ್ಟೆ."

ಐದಕ್ಕೆ ಕಾರ್ಯಕ್ರಮ ಶುರುವಾಯಿತು. ಮಂದಿ ಚಪ್ಪಾಳೆ ಹೊಡೆದರು. ಏನು ನುಡಿಸಿದೆನೋ ನನಗೆ ನೆನಪಿಲ್ಲ. ಕೊನೆಯ ಸಾಲಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತವನನ್ನೇ ನೋಡುತ್ತಿದ್ದೆ. ತಪ್ಪಾಯಿತು ಎಂದು ಇನ್ನೂ ಹೇಳಿರಲಿಲ್ಲ.

ಮುಗಿದ ಮೇಲೆ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಖಾನಾಪುರದ ಬಸ್ಸು ಬಂದು ನಿಂತಿತ್ತು. ಮಂದಿ ನೂಕಾಡುತ್ತಿದ್ದರು, ಕಂಡಕ್ಟರುಗಳು ಕೂಗುತ್ತಿದ್ದರು. ಹತ್ತುವ ಮುಂಚೆ ಅಪ್ಪ ನನ್ನ ಕಡೆ ತಿರುಗಿ ನಿಂತ.

"ಎರಡು ವರ್ಷದಾಗ ಬಾಳ ಮೈಕಿನ ಮಷೀನ್ ಬಿಚ್ಚೀನಿ. ಮಠದ್ದು, ಭಜನಿ ಮಂಡಳೀದು. ದನಿ ಒಡೀತೈತಿ ಅಂತ ಅವ್ರು ಅಂದಿರಲಿಲ್ಲ, ನಾನ ಅಂದಿದ್ದೆ. ನಾನ ಬಿಚ್ಚಿದೆ. ಅದರಾಗ ಯಾವುದರೆ ಖರೇನ ಕೆಟ್ಟಿತ್ತೇನು?"

ನಾನು ಅವುಗಳಲ್ಲಿ ಒಂದನ್ನೂ ನೋಡಿರಲಿಲ್ಲ.

"ಎಲ್ಲಾ ಕೆಟ್ಟಿದ್ದುವಪ್ಪಾ. ಎಲ್ಲಾ ನೀನ ಸರಿ ಮಾಡಿದಿ," ಅಂದೆ.

ನಾನು ಹೇಳಿ ಮುಗಿಸಿದ ಮೇಲೂ ಅಪ್ಪ ನನ್ನ ತುಟಿಗಳನ್ನೇ ನೋಡುತ್ತ ನಿಂತಿದ್ದ.