ಸೊಣ್ಣಮ್ಮ ನಾಜಲ್ಲಿಗಿಟ್ಟ ಕುಂಕುಮ

ಸೊಣ್ಣಮ್ಮನನ್ನು ಕಂಪನಿಯಲ್ಲಿ ಸೋನಾ ಎಂದು ಕರೆಯುತ್ತಾರೆ. ಕೊರಳಲ್ಲಿ ನೇತಾಡುವ ಕಾರ್ಡಿನಲ್ಲೂ ಹಾಗೇ ಇದೆ. ಅಜ್ಜಿಯ ಹೆಸರಿಟ್ಟುಕೊಂಡು ಫ್ಯಾಕ್ಟರಿಗೆ ಬರುವುದು ಚೆನ್ನಾಗಿರುವುದಿಲ್ಲವೆಂದು ಆಫೀಸಿನ ಯಾವನೋ ತೀರ್ಮಾನಿಸಿದ್ದಾನೆ. ನಾನು ಮಾತ್ರ ಸೊಣ್ಣಕ್ಕ ಎಂದೇ ಕರೆಯುವುದು. ಮಾರಂಡಹಳ್ಳಿಯಲ್ಲಿ ಕಂಪನಿ ಬಸ್ಸು ಹತ್ತಿದರೆ ಧರ್ಮಪುರಿ ದಾಟುವವರೆಗೆ ನಾವಿಬ್ಬರೂ ಒಂದೇ ಸೀಟು. ಮನೆಯಲ್ಲಿ ಕನ್ನಡ ಆಡುವ ಹುಡುಗಿಯರು ಕೂಡ ಬಸ್ಸು ಹತ್ತಿದ ಕೂಡಲೇ ತಮಿಳಿಗೆ ಹೊರಳಿಬಿಡುತ್ತಾರೆ. ನಾವು ಹೊರಳುವುದಿಲ್ಲ. ನಮಗೆ ನಾಚಿಕೆ ಕಡಿಮೆ.

ಅವಳದು ಕುರಿ ಸಾಕುವ ಮನೆತನ. ಅಪ್ಪ ಅಣ್ಣಯ್ಯಪ್ಪ, ಅವ್ವ ಲಕ್ಷ್ಮಕ್ಕ. ಸೋದರಮಾವನನ್ನೇ ಮದುವೆಯಾದ್ದರಿಂದ ತವರೂ ಗಂಡನ ಮನೆಯೂ ಒಂದೇ ಬೀದಿಯಲ್ಲಿವೆ. ಹತ್ತನೇ ಕ್ಲಾಸು ಮುಗಿಸಿ ಕಸ ಗುಡಿಸಲು ಸೇರಿದವಳು ಒಂಬತ್ತು ವರ್ಷದಲ್ಲಿ ನಾಜಲ್ ಟೇಬಲ್ಲಿಗೆ ಬಂದಳು. ಅದು ಸುಮ್ಮನೆ ಯಾರಿಗೂ ಕೊಡುವ ಕೆಲಸವಲ್ಲ.

ನಮ್ಮ ಕಂಪನಿ ಎಲೆಕ್ಟ್ರಾನಿಕ್ ಬೋರ್ಡು ಮಾಡುತ್ತದೆ. ಸಾಸಿವೆಗಿಂತ ಸಣ್ಣ ಬಿಡಿಭಾಗಗಳನ್ನು ಬೋರ್ಡಿನ ಮೇಲೆ ಕೂರಿಸಲು ಒಂದು ದೊಡ್ಡ ಮಿಷಿನ್ ಇದೆ. ಅದರ ತಲೆಗೆ ಹನ್ನೆರಡು ನಾಜಲ್, ತುದಿಯಲ್ಲಿ ತೂತಿರುವ ಸಣ್ಣ ಕೊಳವೆಗಳು. ಒಂದೊಂದೂ ಗಾಳಿ ಎಳೆದು ಒಂದು ಬಿಡಿಭಾಗವನ್ನು ಕಚ್ಚಿಕೊಂಡು, ಓಡಿಹೋಗಿ, ಬೋರ್ಡಿನ ಮೇಲೆ ಇಟ್ಟು ಬರುತ್ತದೆ. ನಾಜಲ್ಲಿನ ತೂತಿನಲ್ಲಿ ಒಂದು ಕಣ ಧೂಳು ಕೂತರೆ ಹಿಡಿತ ತಪ್ಪುತ್ತದೆ, ಬಿಡಿಭಾಗ ವಾರೆಯಾಗುತ್ತದೆ. ವಾರಕ್ಕೊಮ್ಮೆ ಸೊಣ್ಣಕ್ಕ ಹನ್ನೆರಡನ್ನೂ ಕಳಚಿ, ಜುಂಯ್ ಎಂದು ನಡುಗುವ ನೀರಿನ ಡಬ್ಬಿಯಲ್ಲಿ ತೊಳೆದು, ಒಣಗಾಳಿ ಹೊಡೆದು, ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಬೆಳಕು ದುಂಡಗೆ ಕಂಡರೆ ಸರಿ. ಸ್ಪ್ರಿಂಗ್ ಒತ್ತಿ ನೋಡಿ, ತಲೆಯೊಳಗಿನ ಬಿಳಿ ಫಿಲ್ಟರು ಬದಲಾಯಿಸಿ, ಒಂದು ತೊಟ್ಟು ಗ್ರೀಸು ಸವರಿ, ಶೀಟಿನಲ್ಲಿ ಓಕೆ ಬರೆದು ಸಹಿ ಹಾಕುವಳು. ಆ ಸಹಿಯನ್ನು ಎಂಜಿನಿಯರು ಪ್ರಭಾಕರನ್ ಕೂಡ ಮರುನೋಡುತ್ತಿರಲಿಲ್ಲ, ಅಷ್ಟು ನಂಬಿಕೆ.

ನನ್ನ ಕೆಲಸ ಕಡೆಯದು. ಓವನ್ನಿನಲ್ಲಿ ಬೆಂದು ಬಂದ ಬೋರ್ಡನ್ನು ಲೆನ್ಸಿನಡಿ ನೋಡಿ ಸೀಲು ಒತ್ತುವುದು. ಅದರ ಮಾತು ಆಮೇಲೆ.

ಹೋದ ವರ್ಷದ ಆಯುಧಪೂಜೆ. ಮಿಷಿನ್ನುಗಳನ್ನೆಲ್ಲ ನಿಲ್ಲಿಸಿ, ಬಾಳೆಕಂಬ ಕಟ್ಟಿ, ಕುಂಬಳಕಾಯಿ ಒಡೆದೆವು. ಕುಂಕುಮವನ್ನು ಹೊರಗಿನ ಕವರಿಗೆ ಮಾತ್ರ ಇಡಬೇಕೆಂದು ಪ್ರಭಾಕರನ್ ಸಾರ್ ಮೂರು ಸಲ ಹೇಳಿದರು. ಸೊಣ್ಣಕ್ಕ ಕೇಳಿಸಿಕೊಂಡಳು. ಆದರೆ ಅವಳ ಮನೆಯಲ್ಲಿ ಉಣ್ಣೆ ಕತ್ತರಿಸುವ ಕತ್ತರಿಗೆ ಪೂಜೆ ಮಾಡುವಾಗ ಹಿಡಿಗೆ ಕುಂಕುಮ ಇಡುವುದಿಲ್ಲ, ಅಲಗಿಗೆ ಇಡುತ್ತಾರೆ. ದುಡಿಯುವ ಜಾಗ ಯಾವುದೋ ಅದಕ್ಕೆ ಬೊಟ್ಟು. ಹಿಡಿಗಿಟ್ಟರೆ ಕತ್ತರಿಗೆ ಅವಮಾನ. ಎಲ್ಲರೂ ಪೊಂಗಲ್ ತಿನ್ನಲು ಹೋದಾಗ ಅವಳು ಮುಚ್ಚಳ ಎತ್ತಿ, ನಾಜಲ್ಲುಗಳ ತಲೆಗೆ ಉಂಗುರದ ಬೆರಳಿನಿಂದ ಒಂದು ಬೊಟ್ಟು ಇಟ್ಟಳು. ಹೊರಗಿನ ತಗಡಿಗೆ ಮೆರೆದಾಡುವಷ್ಟು ಕುಂಕುಮ, ಕೆಲಸ ಮಾಡುವವನಿಗೆ ಏನೂ ಇಲ್ಲವೆಂದರೆ ಅವಳ ಮನಸ್ಸು ಒಪ್ಪಲಿಲ್ಲ.

ರಜೆ ಮುಗಿದು ಮಿಷಿನ್ ಮೂರು ದಿನ ಓಡಿತು. ನಾಲ್ಕನೇ ದಿನ ಅವಳು ತಲೆ ಬಿಚ್ಚಿದಾಗ ಫಿಲ್ಟರು ಕೆಂಪಗಿತ್ತು. ಏಳನೇ ನಾಜಲ್ಲನ್ನು ಬೆಳಕಿಗೆ ಹಿಡಿದರೆ ಬೆಳಕು ದುಂಡಗಿರಲಿಲ್ಲ, ಅರ್ಧಚಂದ್ರದ ಹಾಗಿತ್ತು. ಆ ಮೂರು ದಿನ ಮಾಡಿದ ಬೋರ್ಡುಗಳು ಉಸಿರಾಟದ ಮಿಷಿನ್ನಿಗೆ ಹೋಗುವಂಥವು, ಉಬ್ಬಸದ ರೋಗಿಗಳ ಮಂಚದ ಪಕ್ಕ ಇಡುತ್ತಾರಲ್ಲ, ಅದು. ಅವಳು ಫಿಲ್ಟರನ್ನು ಬಚ್ಚಲಲ್ಲಿ ಎಸೆದು, ನಾಜಲ್ ತೊಳೆದು, ಓಕೆ ಬರೆದು ಸಹಿ ಹಾಕಿದಳು.

ಅಂದಿನಿಂದ ಅವಳು ಅವಳಾಗಿ ಉಳಿಯಲಿಲ್ಲ. ತೊಳೆದ ನಾಜಲ್ಲನ್ನೇ ಮೂರು ಮೂರು ಸಲ ತೊಳೆಯುವಳು. ಬೆಳಕಿಗೆ ಹಿಡಿದರೆ ತೂತಿನ ಅಂಚು ಕೆಂಪಗೆ ಕಾಣುತ್ತಿತ್ತಂತೆ. ಬಸ್ಸಿನ ಪಕ್ಕ ಆಂಬುಲೆನ್ಸ್ ಹೋದರೆ ಅದು ಮರೆಯಾಗುವ ತನಕ ಉಸಿರು ಬಿಗಿಹಿಡಿದು ಕೂರುವಳು. ಕುಂಕುಮ ಇಡುವುದನ್ನೇ ಬಿಟ್ಟಳು. ಲೈನಿನಲ್ಲಿ ಪುಡಿ ಕುಂಕುಮ ಕೂಡದು, ಸ್ಟಿಕ್ಕರ್ ಬೊಟ್ಟು ಮಾತ್ರ ಎಂಬುದು ಕಂಪನಿ ರೂಲು. ನಾವ್ಯಾರೂ ಅದನ್ನು ಪಾಲಿಸಿದವರಲ್ಲ, ಟೋಪಿ ಹಣೆಗೆಳೆದುಕೊಂಡರೆ ಆಯಿತು. ಇವಳು ಸ್ಟಿಕ್ಕರ್ ಕೂಡ ಇಡದೆ ಬೋಳು ಹಣೆಯಲ್ಲಿ ಬಂದಳು.

"ಏನ್ ಸೊಣ್ಣಕ್ಕ, ಮಾವನ್ ಮ್ಯಾಲೆ ಕೋಪವಾ?" ಎಂದು ನಾನು ತಮಾಷೆ ಮಾಡಿದೆ.

"ಅಣೆ ತುರಿಸ್ತದೆ ಮೀನಾ," ಎಂದಳು. ನಾನು ನಂಬಿದೆ. ನಂಬುವುದು ಸುಲಭವಾಗಿತ್ತು.

ಇಪ್ಪತ್ತು ದಿನವಾದ ಮೇಲೆ ಅವಳ ಅಪ್ಪ ಅಣ್ಣಯ್ಯಪ್ಪನಿಗೆ ಮೊದಲೇ ಇದ್ದ ಉಬ್ಬಸ ಜಾಸ್ತಿಯಾಯಿತು. ಆಸ್ಪತ್ರೆಯಲ್ಲಿ ಒಂದು ವಾರ ಇಟ್ಟುಕೊಂಡು, ಮನೆಯಲ್ಲೇ ಉಸಿರಿನ ಮಿಷಿನ್ ಇಟ್ಟುಕೊಳ್ಳಿ ಎಂದು ಕಳಿಸಿದರು. ಸಂಜೆ ಸೊಣ್ಣಕ್ಕ ಶಿಫ್ಟು ಮುಗಿಸಿ ತವರಿಗೆ ಹೋದರೆ ಅಪ್ಪ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಕೂತಿದ್ದ. ಪಕ್ಕದಲ್ಲಿ ಬಿಳಿ ಪೆಟ್ಟಿಗೆ ಗುಸುಗುಡುತ್ತಿತ್ತು. ಮನೆಗೆ ಹೊಸದಾಗಿ ಬಂದದ್ದಕ್ಕೆ ಲಕ್ಷ್ಮಕ್ಕ ಪೂಜೆ ಮಾಡಿದ್ದಳು. ಪೆಟ್ಟಿಗೆಯ ಹಿಂದೆ, ಗಾಳಿ ಒಳಗೆಳೆಯುವ ಜಾಲರಿಯ ಮೇಲೆ, ರೂಪಾಯಿ ಅಗಲದ ಕುಂಕುಮ.

ಸೊಣ್ಣಕ್ಕ ಕಿರುಚಿಕೊಂಡು ಜಾಲರಿ ಕಿತ್ತು, ಅದರ ಹಿಂದಿನ ಸ್ಪಂಜನ್ನು ನೀರಿಗೆ ಹಾಕಿದಳು.

"ಯಾಕಮ್ಮಿ ಇಂಗಾಡ್ತೀಯ? ಮನೇಗ್ ಬಂದ ಮಿಷಿನ್‌ಗೆ ಬೊಟ್ಟು ಇಕ್ಬಾರ್ದಾ?" ಎಂದಳು ಲಕ್ಷ್ಮಕ್ಕ.

"ಗಾಳಿ ಎಳ್ಕೊಳ್ಳೋ ಜಾಗಕ್ಕೆ ಇಕ್ಕಿದ್ದೀಯಲ್ಲವ್ವಾ!"

"ಇನ್ನೆಲ್ಲಿಗೆ ಇಕ್ಲಿ? ಕೆಲ್ಸ ಮಾಡೋ ಜಾಗಕ್ಕೇ ತಾನೆ ಇಕ್ಕೋದು?"

ಸೊಣ್ಣಕ್ಕ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಅತ್ತು ಅತ್ತು ಎಲ್ಲ ಹೇಳಿದಳು. ಈ ಪೆಟ್ಟಿಗೆಯೊಳಗಿನ ಬೋರ್ಡು ನಮ್ಮ ಕಂಪನಿಯದೇ ಇರಬಹುದು, ನನ್ನ ಕುಂಕುಮ ಇದರೊಳಗೂ ಇರಬಹುದು ಎಂದಳು. ಲಕ್ಷ್ಮಕ್ಕ ಗಾಬರಿಯಿಂದ ಗಂಡನ ಮೂಗಿನ ಕೊಳವೆ ಕೀಳಲು ಹೋದಳು. ಅಣ್ಣಯ್ಯಪ್ಪ ಅವಳ ಕೈ ಹಿಡಿದು ತಡೆದ. ಅವನಿಗೆ ಮಾತಾಡಬೇಕಾದರೆ ನಡುನಡುವೆ ನಿಲ್ಲಬೇಕು.

"ಇದ್ರಾಗೆ ಐತೋ ಇಲ್ವೋ, ಯಾವನ್ ಕಂಡ," ಎಂದ. ಉಸಿರು ಎಳೆದುಕೊಂಡ. "ಯಾರ್ ಮನೆ ಮಿಷಿನ್ನಾಗೋ ಐತಲ್ಲ. ಅವ್ರಿಗೂ ನನ್ ತರಾನೆ ಉಸ್ರು. ಓಗಿ ಏಳ್ಬುಡವ್ವ."

ಮರುದಿನ ಬಸ್ಸಿನಲ್ಲಿ ಇದಿಷ್ಟನ್ನೂ ಅವಳು ನನಗೆ ಹೇಳಿದಳು. ಪಾಲಕ್ಕೋಡು ಬಂದಾಗ ನನ್ನ ಕೈ ಹಿಡಿದುಕೊಂಡು ಕೇಳಿದಳು. "ಬೋರ್ಡೆಲ್ಲಾ ನಿನ್ ಕಣ್ಮುಂದೆ ತಾನೆ ಓಗೋದು. ಕೆಂಪಗೆ ಏನಾದ್ರೂ ಕಾಣ್ತಾ ಮೀನಾ? ಕಂಡಿದ್ರೆ ಏಳು, ಅದೊಂದನ್ನಾದ್ರೂ ಉಡುಕ್ಬೋದು."

"ಇಲ್ಲ ಸೊಣ್ಣಕ್ಕ. ಏನೂ ಕಾಣ್ಲಿಲ್ಲ."

ಕಂಡಿತ್ತು. ಆಯುಧಪೂಜೆಯ ರಜೆ ಮುಗಿದ ಮೊದಲ ದಿನವೇ ಲೆನ್ಸಿನಡಿ ಒಂದು ಬೋರ್ಡಿನ ಮೂಲೆಯಲ್ಲಿ, ಒಂದು ಬಿಡಿಭಾಗದ ಬುಡದಲ್ಲಿ ಕೆಂಪು ಕಣ. ಕಂಡದ್ದನ್ನು ಕಂಡ ಹಾಗೆ ಬರೆದು, ಕೆಟ್ಟ ಬೋರ್ಡುಗಳ ಕೆಂಪು ಟ್ರೇಗೆ ಹಾಕಬೇಕು. ಆದರೆ ನನ್ನ ಹಣೆಯ ಕುಂಕುಮವೇ ಉದುರಿತೆಂದುಕೊಂಡೆ. ರೂಲು ಮುರಿದವಳು ನಾನೇ ಎಂದು ಎಲ್ಲರೆದುರು ಬೈಸಿಕೊಳ್ಳಬೇಕಲ್ಲ ಎಂದು ಬ್ರಷ್ಷಿನಿಂದ ತಳ್ಳಿದೆ. ಮೇಲಿನದು ಹೋಯಿತು. ಬುಡದೊಳಗಿನದು ಹೋಯಿತೋ ಇಲ್ಲವೋ ನೋಡಲಿಲ್ಲ. ಸೀಲು ಒತ್ತಿದೆ. ಬೋರ್ಡಿನ ನಂಬರಿನ ಕೊನೆ ಮಾತ್ರ ಕಣ್ಣಲ್ಲಿ ಉಳಿಯಿತು, ನಾನೂರ ಹದಿನಾರು.

ಸೊಣ್ಣಕ್ಕ ಬಸ್ಸಿಳಿದು ನೇರ ಪ್ರಭಾಕರನ್ ಸಾರ್ ಟೇಬಲ್ಲಿಗೆ ಹೋದಳು. ಲೈನಿನವರೆಲ್ಲ ನೋಡುತ್ತಿದ್ದೆವು. ಅವಳು ಹೇಳಿದ್ದನ್ನೆಲ್ಲ ಕೇಳಿ ಅವರು, "ಏಮ್ಮಾ, ಅಪ್ಪವೇ ಸೊಲ್ಲಲೆ?" ಎಂದರು, ಆಗಲೇ ಯಾಕಮ್ಮ ಹೇಳಲಿಲ್ಲ ಎಂದು. ಆ ಮೂರು ದಿನದ ಬೋರ್ಡುಗಳನ್ನೆಲ್ಲ ವಾಪಸ್ ಕರೆಸಿದರು. ಸೊಣ್ಣಕ್ಕನನ್ನು ನಾಜಲ್ ಟೇಬಲ್ಲಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ಈಗ ಅವಳು ರಟ್ಟಿನ ಪೆಟ್ಟಿಗೆ ಮಡಿಸುತ್ತಾಳೆ. ಅವಳ ಜಾಗಕ್ಕೆ ಬಂದ ಸೆಂದಿಲ್ ನಾಜಲ್ಲನ್ನು ಬೆಳಕಿಗೆ ಹಿಡಿದು ನೋಡುವುದೇ ಇಲ್ಲ. ಆ ದಂಡಪಿಂಡವನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಆದರೆ ಉರಿದುಕೊಳ್ಳಲು ನನಗೇನು ಹಕ್ಕಿದೆ?

ವಾಪಸ್ ಬಂದ ಬೋರ್ಡುಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ಏಳು ಬೋರ್ಡು ಬಂದಿರಲಿಲ್ಲ. ಅವು ಪೆಟ್ಟಿಗೆ ಸೇರಿ ಎಲ್ಲೆಲ್ಲಿಗೋ ಹೋಗಿಬಿಟ್ಟಿವೆ, ಹುಡುಕುತ್ತಿದ್ದೇವೆ ಎಂದು ಗಿರಾಕಿ ಕಂಪನಿಯವರು ಬರೆದಿದ್ದರಂತೆ. ನಾನು ಬೆರಳಿಟ್ಟು ಓದಿದೆ. ನಾನೂರ ಹದಿನೈದು ಇತ್ತು. ಅದರ ಕೆಳಗೆ ನಾನೂರ ಹದಿನೇಳು.

ಅಣ್ಣಯ್ಯಪ್ಪ ಇನ್ನೂ ಇದ್ದಾನೆ. ಹೋದ ತಿಂಗಳು ನೋಡಲು ಹೋಗಿದ್ದೆ. ಪೆಟ್ಟಿಗೆ ಗುಸುಗುಡುತ್ತಿತ್ತು. ನಡುವೆ ಒಂದು ಕ್ಷಣ ಸದ್ದು ನಿಂತು ಮತ್ತೆ ಶುರುವಾಯಿತು. ಅದು ಹಾಗೇ ನಿಂತು ಹೊರಡುವ ಮಿಷಿನ್ನೇ ಅಂತೆ, ಆ ಮನೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ನನ್ನ ಕೈಯಲ್ಲಿದ್ದ ಕಾಫಿ ಮಾತ್ರ ಸೀರೆ ಮೇಲೆ ಚೆಲ್ಲಿತು.

ಸೊಣ್ಣಕ್ಕ ಮತ್ತೆ ಕುಂಕುಮ ಇಡುತ್ತಿದ್ದಾಳೆ, ಮೊದಲಿಗಿಂತ ದೊಡ್ಡದಾಗಿ. ಬಸ್ಸಿನಲ್ಲಿ ನಿದ್ದೆ ಮಾಡುತ್ತಾಳೆ. ಆಂಬುಲೆನ್ಸ್ ಹೋದರೆ ಎಚ್ಚರವಾಗುವುದಿಲ್ಲ. ಎಚ್ಚರವಾಗಿರುವವಳು ನಾನು.

ಮೊನ್ನೆ ಸೀಟಿನಲ್ಲಿ ಕೂತವಳು ನನ್ನ ಮುಖವನ್ನೇ ದಿಟ್ಟಿಸಿದಳು.

"ಏನ್ ಮೀನಾ, ಅಣೆ ಯಾಕೆ ಬೋಳಾಗೈತೆ?"

"ತುರಿಸ್ತದೆ ಸೊಣ್ಣಕ್ಕ," ಎಂದೆ.

ಅದು ಅವಳದೇ ಹಳೆಯ ಮಾತು. ಅವಳು ತನ್ನ ಕೈಯನ್ನು ನನ್ನ ಕೈಯ ಮೇಲೆ ಇಟ್ಟು, ಕಂಪನಿ ಬರುವವರೆಗೆ ತೆಗೆಯಲಿಲ್ಲ. ನಾನೂರ ಹದಿನಾರು ಎಂದು ನಾನು ಬಾಯಿ ಬಿಡಲಿಲ್ಲ.