ಒಲೆಯ ಮುಂದೆ ಎಕ್ಕಡ

ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಎಡಗಾಲಿನ ಹಿಮ್ಮಡಿಗೆ ಜಾಲಿಮುಳ್ಳು ನೆಟ್ಟಂತಾಗುತ್ತಿತ್ತು. ಹತ್ತು ಹೆಜ್ಜೆ ನಡೆದರೆ ಕಡಿಮೆ, ಕೂತು ಎದ್ದರೆ ಮತ್ತೆ ಅದೇ ಕಥೆ. ಆರು ತಿಂಗಳು ತಡೆದುಕೊಂಡು ಕೊನೆಗೆ ಹೆಬ್ಬಾಳದ ಮೂಳೆ ಡಾಕ್ಟರ ಬಳಿ ಹೋದೆ. ಅವರು ಹೆಬ್ಬೆರಳಿನಿಂದ ಹಿಮ್ಮಡಿ ಒತ್ತಿ, ನಾನು ಚೀರಿದ್ದನ್ನು ಕೇಳಿ, "ಮನೇಲಿ ಬರಿಗಾಲಲ್ಲಿ ಓಡಾಡ್ತೀರಾ?" ಎಂದರು. ಮನೆಯಲ್ಲಿ ಇನ್ನು ಹೇಗೆ ಓಡಾಡುತ್ತಾರೆ?

"ಟೈಲ್ಸ್ ನೆಲ ಅಮ್ಮ, ತುಂಬಾ ಗಟ್ಟಿ. ಮೆತ್ತಗಿನ ಚಪ್ಪಲಿ ಹಾಕ್ಕೊಳ್ಳಿ. ಅಡುಗೆ ಮಾಡ್ವಾಗಂತೂ ಬೇಕೇ ಬೇಕು. ಮೂರು ತಿಂಗ್ಳು ನೋಡೋಣ, ಆಗ್ಲಿಲ್ಲ ಅಂದ್ರೆ ಇಂಜೆಕ್ಷನ್."

ಆ ಇಂಜೆಕ್ಷನ್ ಚುಚ್ಚುವುದು ಹಿಮ್ಮಡಿಗೇ ಎಂದು ತಿಳಿದ ಮೇಲೆ ಚಪ್ಪಲಿಗೆ ಒಪ್ಪಿಕೊಂಡೆ.

ಅನುಮಾನ ನನ್ನ ಹುಟ್ಟುಗುಣ. ಕ್ಲಿನಿಕ್ಕಿನ ಕೆಳಗೇ ಅಂಥ ಚಪ್ಪಲಿ ಮಾರುವ ಅಂಗಡಿ ಇತ್ತು. ಡಾಕ್ಟರಿಗೂ ಅಂಗಡಿಯವನಿಗೂ ಏನೋ ಒಳಒಪ್ಪಂದ ಇರಬೇಕು ಎಂದುಕೊಂಡು, ಅಲ್ಲಿ ಕೊಳ್ಳದೆ, ಆ ಕಾಲಲ್ಲೇ ಕುಂಟುತ್ತ ಯಲಹಂಕಕ್ಕೆ ಬಂದು ಬೇರೆ ಕಡೆ ಕೊಂಡೆ. ನೀಲಿ ಬಣ್ಣದ್ದು, ಬನ್ನಿನಷ್ಟು ಮೆತ್ತಗಿತ್ತು.

ಮನೆಯಲ್ಲಿ ಅತ್ತೆ ಇದ್ದರು. ಕೋಗಿಲಿನ ನಮ್ಮ ಹೊಲವನ್ನು ಬಿಲ್ಡರಿಗೆ ಕೊಟ್ಟು, ಅದರ ಮೇಲೆ ಎದ್ದ ಅಪಾರ್ಟ್‌ಮೆಂಟಿನಲ್ಲೇ ಈಗ ನಾವಿರುವುದು. ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದಾಗ ಬರಿಗಾಲಲ್ಲಿ ಓಡಾಡಿದ ಅತ್ತೆಗೆ ಈಗ ಎಪ್ಪತ್ತೆಂಟು. ಚಪ್ಪಲಿಗೆ ಅವರ ಬಾಯಲ್ಲಿ ಎಕ್ಕಡ ಎಂದೇ ಹೆಸರು.

"ಒಲೆ ಮುಂದೆ ಎಕ್ಡ ಆಕ್ಕಂಡು ನಿಂತ್ಕತೀಯಾ? ಅನ್ನ ಬೇಯೋ ಜಾಗ ಕಣವ್ವ ಅದು. ನಿಂಗೆ ಬೇಕಾಗಿರಾದು ಎಕ್ಡ ಅಲ್ಲ, ಎಕ್ಕದೆಲೆ. ಕಾದ ಇಟ್ಟಿಗೆ ಮ್ಯಾಲೆ ಎಲೆ ಇಕ್ಕಿ ಇಮ್ಮಡಿ ಒತ್ತು. ನಮ್ಮವ್ವ ಇಂಗೇ ವಾಸಿ ಮಾಡ್ಕಂಡ್ಳು."

ನನ್ನ ಗಂಡ "ನಿಮ್ಮಿಬ್ಬರ ಮಧ್ಯೆ ನನ್ನ ಎಳೀಬೇಡಿ" ಎಂದು ಟಿವಿ ಸದ್ದು ಜಾಸ್ತಿ ಮಾಡಿದರು. ಕೊನೆಗೆ ಒಂದು ರಾಜಿ ಆಯಿತು. ಹಾಲಿನಲ್ಲಿ, ರೂಮಿನಲ್ಲಿ ಹಾಕಿಕೊಳ್ಳಬಹುದು; ಅಡುಗೆಮನೆಗೂ ದೇವರ ಕೋಣೆಗೂ ಮಾತ್ರ ತರಕೂಡದು. ನಾನು ದಿನಕ್ಕೆ ನಾಲ್ಕು ಗಂಟೆ ನಿಲ್ಲುವುದು ಅಡುಗೆಮನೆಯಲ್ಲೇ. ಹೊಸಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮುದ್ದೆ ತಿರುವುತ್ತ, ಮೂರು ತಿಂಗಳೊಳಗೆ ಹೇಗಾದರೂ ಇದನ್ನು ಒಲೆಯ ಮುಂದಕ್ಕೆ ತರಲೇಬೇಕು ಎಂದು ಹಲ್ಲು ಕಚ್ಚುತ್ತಿದ್ದೆ.

ಡಾಕ್ಟರು ವ್ಯಾಯಾಮವನ್ನೂ ಹೇಳಿದ್ದರು. ದಿನಾ ಹನ್ನೊಂದು ಗಂಟೆಗೆ ರೂಮಿನ ಬಾಗಿಲು ಹಾಕಿಕೊಂಡು, ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವಂತೆ ನಿಲ್ಲುತ್ತಿದ್ದೆ. ಆಮೇಲೆ ಫ್ರೀಜರಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಯನ್ನು ಅಂಗಾಲಿನಡಿ ಉರುಳಿಸುತ್ತ ಅರ್ಧ ಗಂಟೆ ಕೂರುತ್ತಿದ್ದೆ. ಇದೆಲ್ಲ ಬರಿಗಾಲಲ್ಲೇ ಆದ್ದರಿಂದ ಚಪ್ಪಲಿ ಆಗ ಅಡುಗೆಮನೆಯ ಹೊಸಿಲಲ್ಲೇ ಇರುತ್ತಿತ್ತು. ಒಂದು ದಿನ ಹೊರಗೆ ಬಂದು ನೋಡಿದರೆ ಅದರ ಮುಖ ತಿರುಗಿತ್ತು. ನಾನು ಹಾಲಿನ ಕಡೆಗೆ ಮುಖ ಮಾಡಿ ಬಿಡುವವಳು. ಕಾಲಿಟ್ಟರೆ ಬೆಚ್ಚಗೆ. ವಾರ ಕಳೆಯುವಷ್ಟರಲ್ಲಿ ಆ ಮೆತ್ತನೆಯ ಅಟ್ಟೆಯಲ್ಲಿ ನನ್ನದಲ್ಲದ ಒಂದು ಹೆಬ್ಬೆರಳಿನ ಗುಳಿ ಬಿದ್ದಿತ್ತು.

ಮನೆಗೆಲಸದಾಕೆಯನ್ನು ಬಿಟ್ಟರೆ ಇನ್ಯಾರು? ಬಾಗಲೂರಿನ ಕಡೆಯಿಂದ ಬರುವ ಗಟ್ಟಿ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವಳು. ಪಾತ್ರೆ ತೊಳೆಯುತ್ತಿದ್ದವಳನ್ನು ಹಿಡಿದು ನಿಲ್ಲಿಸಿ ಕೇಳಿದೆ.

"ನನ್ ಚಪ್ಪಲಿ ಯಾರ್ ಹಾಕ್ಕೊಳ್ತಿರೋದು?"

"ನಾನೇ ಅಕ್ಕ. ನೆಲ ತಣ್ಣಗಿತ್ತು, ಹಾಕ್ಕೊಂಡೆ. ಇನ್ಮೇಲೆ ಹಾಕ್ಕೊಳ್ಳಲ್ಲ ಬಿಡಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇನೆ. ಕಾಯಿಯನ್ನೇ ತಂದು ಕೈಗಿಡುವವರನ್ನು ಕಂಡಿರಲಿಲ್ಲ. ಬಾಯಿಗೆ ಬಂದಂತೆ ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವಳು ಹೊರಟಾಗ ಅವಳ ಪಾದ ನೋಡಿದೆ. ನನ್ನ ಚಪ್ಪಲಿ ಹಾಕಿಕೊಂಡರೆ ಹಿಮ್ಮಡಿ ಎರಡು ಬೆರಳು ಹೊರಗೇ ಉಳಿಯುವಷ್ಟು ದೊಡ್ಡ ಪಾದ. ಹಾಗಾದರೆ ಸುಳ್ಳು ಏಕೆ ಹೇಳಿದಳು? ಯಾರಿಗಾಗಿ? ಆಗ ಇನ್ನೊಂದು ವಿಷಯವೂ ತಲೆಗೆ ಬಂತು. ನಾನು ಸೊಸೆಯಾಗಿ ಬಂದಾಗಿನಿಂದ ಬೆಳಿಗ್ಗೆ ಆರಕ್ಕೇ ಮುಗಿಯುತ್ತಿದ್ದ ಅತ್ತೆಯ ಪೂಜೆ ಇತ್ತೀಚೆಗೆ ಹನ್ನೊಂದಕ್ಕೆ ಹೋಗಿತ್ತು.

ಮಾರನೆಯ ದಿನ ಹನ್ನೊಂದಕ್ಕೆ ರೂಮಿನ ಬಾಗಿಲನ್ನು ಪೂರ್ತಿ ಹಾಕಲಿಲ್ಲ. ಬಾಟಲಿಯನ್ನು ಸುಮ್ಮನೆ ಗಡಗಡ ಉರುಳಿಸುತ್ತ ಸಂದಿಯಲ್ಲಿ ನೋಡುತ್ತಿದ್ದೆ. ಕೆಲಸದಾಕೆ ಹೊಸಿಲಿಂದ ಚಪ್ಪಲಿ ಎತ್ತಿಕೊಂಡು ಹೋಗಿ ಅತ್ತೆಯ ಮುಂದೆ ಇಟ್ಟಳು. ಅತ್ತೆ ಅವಳ ಭುಜ ಹಿಡಿದು ಒಂದೊಂದೇ ಕಾಲು ತೂರಿಸಿಕೊಂಡು, ದೇವರ ಕೋಣೆಯೊಳಗೆ ಹೋಗಿ ದೀಪ ಹಚ್ಚಿ ನೆಟ್ಟಗೆ ನಿಂತರು. ಕೆಲಸದಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ರೂಮಿನ ಕಡೆ ಮುಖ ಮಾಡಿ ಕಾವಲು ನಿಂತಳು.

ನನಗೆ ಸಿಟ್ಟು ಬಂತೆಂದರೆ ಅರ್ಧ ಸುಳ್ಳು. ನಿಜವಾಗಿ ಬಂದದ್ದು ಖುಷಿ. ಗೆದ್ದೆ ಅನ್ನಿಸಿತು. ಬಾಗಿಲು ತೆಗೆದು ಹೋಗಿ ಅತ್ತೆಯ ಬೆನ್ನ ಹಿಂದೆ ನಿಂತು ಹೇಳಿದೆ:

"ದೇವರ ಮುಂದೆ ಎಕ್ಡ ಹಾಕ್ಕೊಂಡ್ ನಿಂತ್ಕೋಬಹುದು, ಒಲೆ ಮುಂದೆ ಮಾತ್ರ ಬೇಡ್ವಾ?"

ಅತ್ತೆ ಬಾಗಿಲ ಚೌಕಟ್ಟು ಹಿಡಿದು ಚಪ್ಪಲಿಯಿಂದ ಕಾಲು ಹೊರಕ್ಕೆ ತೆಗೆದರು. ಎರಡೂ ಕಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು, ಕಾಲುಗಂಟು ಊದಿ ಮಿರಮಿರ ಎನ್ನುತ್ತಿತ್ತು. ಬರಿಗಾಲನ್ನು ಟೈಲ್ಸಿಗೆ ಊರಿದಾಗ ಚೌಕಟ್ಟಿಗೆ ಎರಡನೆಯ ಕೈಯನ್ನೂ ಕೊಟ್ಟರು.

"ತಗ. ಇನ್ಮ್ಯಾಕೆ ಒಲೆ ಮುಂದೇನೂ ಆಕ್ಕಂಡು ನಿಂತ್ಕ."

ಅತ್ತೆ ಗೋಡೆ ಹಿಡಿದುಕೊಂಡು ತಮ್ಮ ರೂಮಿಗೆ ಹೋದರು. ಕೆಲಸದಾಕೆ ನನ್ನ ಪಕ್ಕ ಬಂದು ಮೆಲ್ಲಗೆ, "ಒಂದಿನಾನಾದ್ರೂ ಅಜ್ಜಿ ಕಾಲ್ ನೋಡಿದ್ರಾ ಅಕ್ಕ?" ಎಂದಳು. ಊರಿನವರೆಲ್ಲರ ಮೇಲೆ ಕಣ್ಣಿಟ್ಟವಳು ನಾನು. ಅದನ್ನೊಂದು ನೋಡಿರಲಿಲ್ಲ.

ಇದಾಗಿ ನಾಲ್ಕು ತಿಂಗಳಾಯಿತು. ಒಲೆಯ ಮುಂದೆ ಚಪ್ಪಲಿ ಹಾಕಿಕೊಂಡೇ ನಿಲ್ಲುತ್ತೇನೆ. ನೋವು ಮುಕ್ಕಾಲು ಇಳಿದಿದೆ, ಇಂಜೆಕ್ಷನ್ ತಪ್ಪಿತು. ಅತ್ತೆಗೆಂದು ಅಂಥದ್ದೇ ಇನ್ನೊಂದು ಜೊತೆ ತಂದೆ; ಕವರು ಸಮೇತ ಅವರ ಮಂಚದ ಕೆಳಗಿದೆ. ಡಾಕ್ಟರ ಬಳಿ ಹೋಗೋಣ ಎಂದರೆ "ನಂಗೇನಾಗೈತೆ?" ಅನ್ನುತ್ತಾರೆ. ದೇವರ ಕೋಣೆಗೆ ಅಂದಿನಿಂದ ಕಾಲಿಟ್ಟಿಲ್ಲ. ಬಾಗಿಲ ಪಕ್ಕ ಗೋಡೆಗೆ ಒತ್ತಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡಿದ್ದಾರೆ. ದೇವರ ಎದುರಿಗೆ ಹಾಕುತ್ತೇನೆ ಎಂದರೂ ಒಪ್ಪಲಿಲ್ಲ. "ಎದುರ್ಗೆ ಮೊಕ ಎಂಗೆ ತೋರ್ಸಲಿ?" ಎಂದರು. ಈಗ ದೀಪ ಹಚ್ಚುವುದು ನಾನು.

ನಿನ್ನೆಯೂ ಹಚ್ಚಿ ಹೊರಗೆ ಬಂದಾಗ ಕೇಳಿದರು.

"ಊವ ನೆಟ್ಟಗೆ ಇಕ್ಕಿದ್ಯಾ?"

"ಇಟ್ಟಿದ್ದೀನಿ ಅತ್ತೆ."

ಅವರು ನಂಬಲಿಲ್ಲ. ಕುರ್ಚಿಯ ಕೈ ಹಿಡಿದು, ಕತ್ತು ಚಾಚಿ, ಬಾಗಿಲ ಕಡೆಗೆ ಆದಷ್ಟೂ ಬಾಗಿದರು. ಆ ಕುರ್ಚಿಯಿಂದ ದೇವರು ಕಾಣುವುದಿಲ್ಲ.